ಮನೆಯ ಹೊಲಿಗೆಯೂ ಮಿತವ್ಯಯವೂ

ಅನ್ನ, ವಸ್ತ್ರ, ವಸತಿ ಎಂಬೀ ಮೂರು ಮನುಷ್ಯಮಾತ್ರರಿಗೆ ಅತ್ಯವಶ್ಯವಾದವುಗಳೆಂದು ನಾವೆಲ್ಲರೂ ಕೆಳಗಿನ ತರಗತಿಯಲ್ಲಿಯೇ ಕಲಿತಿರುವೆವು. ಇವುಗಳಲ್ಲಿ ಅನ್ನವನ್ನು ಮನೆಯಲ್ಲಿ ಬೇಯಿಸಿಕೊಳ್ಳುವದು ಸಹಜವೆಂದೂ ದಿನಾಲೂ ಹೊರಗಿನಿಂದ ಊಟ ತರಿಸುವದು ದುಬಾರಿಯೆಂದೂ ಪ್ರತಿಯೊಬ್ಬ ಗೃಹಿಣಿಯು ಬಲ್ಲಳು. ಆದರೆ ವಸ್ತ್ರದ ವಿಷಯದಲ್ಲಿ ಇದೇ ಲೆಕ್ಕವನ್ನು ನಾವು ಹಾಕಿ ನೋಡುವದು ವಿರಳ. ಅರಿವೆಯ ಬೆಲೆ ಬೇರೆ, ಹೊಲಿಗೆಯ ಕೂಲಿ ಬೇರೆ, ಕತ್ತರಿಯ ಕೆಳಗೆ ವ್ಯರ್ಥವಾಗಿ ಹೋಗುವ ತುಂಡುಗಳ ಬೆಲೆ ಬೇರೆ ಎಂಬದನ್ನು ವಿಂಗಡಿಸಿ ನೋಡಿದರೆ ಮಾತ್ರ ಒಂದು ಕುಪ್ಪಸಕ್ಕೆ ನಿಜವಾಗಿ ಎಷ್ಟು ವೆಚ್ಚವಾಯಿತೆಂಬದು ತಿಳಿಯುವದು.

ನಮ್ಮ ರಾಯಚೂರು ಜಿಲ್ಲೆಯು ಕೃಷ್ಣಾ ತುಂಗಭದ್ರೆಗಳ ನಡುವಣ ನಾಡು. ಪ್ರಾಚೀನರು ಇದನ್ನು ಎಡೆದೊರೆನಾಡೆಂದು ಕರೆದರು. ಇಲ್ಲಿಯ ಎರೆಭೂಮಿಯು ಹತ್ತಿಗೆ ಹೆಸರಾದದ್ದು. ದೇವದುರ್ಗ, ಮಾನ್ವಿಗಳ ಹೊಲಗಳಿಂದ ಬಿಡಿಸಿದ ಹತ್ತಿಯು ಬಂಡಿ ಲಾರಿಗಳಲ್ಲಿ ರಾಯಚೂರಿನ ಮಾರುಕಟ್ಟೆಗೆ ಬಂದು, ಜಿನ್ನಿಂಗ್ ಗಿರಣಿಗಳಲ್ಲಿ ಬೀಜ ಬೇರೆ ಅರಳೆ ಬೇರೆಯಾಗಿ, ಅಂಡಿಗೆಗಳಾಗಿ ದೂರದ ಊರುಗಳಿಗೆ ಹೋಗುವದು. ಅದೇ ಹತ್ತಿಯು ನೂಲಾಗಿ, ಅರಿವೆಯಾಗಿ, ಕಡೆಗೆ ಸಿದ್ಧ ಉಡುಪಾಗಿ ನಮ್ಮ ಪೇಟೆಗೆ ತಿರುಗಿ ಬಂದಾಗ ಪ್ರತಿಯೊಂದು ಕೈಯ ಕೂಲಿಯೂ ಅದರ ಬೆಲೆಯಲ್ಲಿ ಸೇರಿರುವದು. ನೂಲುವದನ್ನೂ ನೇಯುವದನ್ನೂ ನಾವು ಇಂದು ಮನೆಯಲ್ಲಿ ಮಾಡಲಾರೆವು. ಆದರೆ ಕಡೆಯ ಕೆಲಸವಾದ ಹೊಲಿಗೆಯು ನಮ್ಮ ಕೈಗೆ ಎಟುಕುವದಾಗಿದೆ.

ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ಹೊಲಿಗೆಯಲ್ಲಿ ಹಣ ಉಳಿಯುವದು ಸೂಜಿಯಿಂದಲ್ಲ, ಯಂತ್ರದಿಂದಲೂ ಅಲ್ಲ. ಕತ್ತರಿಯು ಬಟ್ಟೆಯನ್ನು ಮುಟ್ಟುವದಕ್ಕಿಂತ ಮುಂಚೆ ಕಾಗದದ ಮೇಲೆ ಮಾಡಿದ ವಿಚಾರದಿಂದ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯು ಹೊಲಿಗೆಗೆ ಒಪ್ಪುವಷ್ಟು ಮತ್ತಾವ ಕೆಲಸಕ್ಕೂ ಒಪ್ಪಲಾರದು. ತಪ್ಪಾಗಿ ಹೊಲಿದದ್ದನ್ನು ಬಿಚ್ಚಬಹುದು. ತಪ್ಪಾಗಿ ಕತ್ತರಿಸಿದ್ದನ್ನು ಕೂಡಿಸಲಾಗದು.

೧. ನಮ್ಮ ನಾಡಿನ ಹಳೆಯ ಹೊಲಿಗೆ

ಹೊಲಿಗೆಯು ನಮಗೆ ಹೊಸ ವಿದ್ಯೆಯಲ್ಲ. ಕೂಸಿನ ತಲೆಗೆ ಕುಲಾವಿ, ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕುಂಚಿಗೆ, ಎಲೆಅಡಿಕೆಗೆ ಸಂಚಿ, ಚಳಿಗೆ ಹಳೆಯ ಸೀರೆಗಳ ಕೌದಿ, ಇವೆಲ್ಲ ಅಜ್ಜಿಯರ ಕೈಯಿಂದಲೇ ಆಗುತ್ತಿದ್ದವು. ಇಳಕಲ್ಲ ಸೀರೆಯ ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸವು ಉತ್ತರ ಕರ್ನಾಟಕದ ಸ್ತ್ರೀಯರ ಉಡುಪಾಯಿತು. ಖಣವು ಕಿರಿದಗಲದ ಬಟ್ಟೆ. ಅದರ ಅಂಚು ತೋಳಿನ ತುದಿಗೆ ಬರುವಂತೆಯೂ ಮಿಕ್ಕ ಭಾಗವು ಎದೆ ಬೆನ್ನುಗಳಿಗೆ ಸರಿಹೋಗುವಂತೆಯೂ ಕತ್ತರಿಸಿ, ಎದುರಿಗೆ ಗಂಟು ಕಟ್ಟುವಂತೆ ಹೊಲಿಯುವರು. ಬಟ್ಟೆಯ ಅಗಲವನ್ನು ಮೊದಲು ನೋಡಿ ಆಮೇಲೆ ಉಡುಪನ್ನು ಯೋಚಿಸುವದೇ ಇದರಲ್ಲಿಯ ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ಅವರು ಕತ್ತರಿಗೂ ಅನ್ವಯಿಸಿದ್ದರು.

ಆದರೆ ಈ ಹಳೆಯ ಪದ್ಧತಿಗೆ ಒಂದು ಕೊರತೆಯುಂಟು. ಬೆರಳು, ಗೇಣು, ಮೊಳ ಎಂಬ ಅಳತೆಗಳು ಅಳೆಯುವವಳ ಕೈಯಲ್ಲಿಯೇ ಇದ್ದವು. ಅಜ್ಜಿಯ ಗೇಣು ಮೊಮ್ಮಗಳ ಗೇಣಿಗೆ ಸಮನಲ್ಲ. ಆಕೆಯ ಸಂಗಡ ಆಕೆಯ ನಮೂನೆಯೂ ಹೊರಟುಹೋಗುತ್ತಿತ್ತು. ವೃತ್ತಿಯ ದರ್ಜಿಗಳಲ್ಲಿಯೂ ಕತ್ತರಿಸುವ ಕ್ರಮವು ತಂದೆಯಿಂದ ಮಗನಿಗೆ ಬರುವ ಗುಟ್ಟಾಗಿತ್ತು. ಬರೆದಿಟ್ಟ ವಿದ್ಯೆಯು ಉಳಿಯುವದು, ಬರೆಯದ ವಿದ್ಯೆಯು ಅಳಿಯುವದು ಎಂಬದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

೨. ಕಾಗದದ ನಮೂನೆಯು ಬಂದ ಬಗೆ

ಹೊಲಿಗೆಯ ಯಂತ್ರಕ್ಕೆ ಅಮೇರಿಕಾ ದೇಶದ ಎಲಿಯಾಸ್ ಹೋವ್ ಎಂಬವನು ೧೮೪೬ರಲ್ಲಿ ಹಕ್ಕುಪತ್ರವನ್ನು ಪಡೆದನು; ಐಸಾಕ್ ಸಿಂಗರನು ೧೮೫೧ರಲ್ಲಿ ತನ್ನ ಯಂತ್ರಕ್ಕೆ ಪಡೆದನು. ಯಂತ್ರವು ಮನೆಗೆ ಬಂದರೂ ಕತ್ತರಿಸುವ ವಿದ್ಯೆಯು ಮನೆಗೆ ಬಂದಿರಲಿಲ್ಲ. ಅದನ್ನು ತಂದದ್ದು ಒಂದು ತೆಳುವಾದ ಕಾಗದ. ಅದೇ ದೇಶದ ಮ್ಯಾಸಚೂಸೆಟ್ಸ್ ಪ್ರಾಂತದ ಎಬನೇಜರ್ ಬಟರಿಕ್ ಎಂಬ ದರ್ಜಿಯು ೧೮೬೩ರಲ್ಲಿ ಬೇರೆಬೇರೆ ಮೈಯಳತೆಗಳಿಗೆ ಒಪ್ಪುವ ಕಾಗದದ ನಮೂನೆಗಳನ್ನು ಮಾರಲಾರಂಭಿಸಿದನು. ಅದಕ್ಕೆ ಮುಂಚೆ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ನಮೂನೆಗಳು ಒಂದೇ ಅಳತೆಯವಾಗಿದ್ದು, ಪ್ರತಿಯೊಬ್ಬಳೂ ಅದನ್ನು ತನ್ನ ಮೈಗೆ ಹಿಗ್ಗಿಸಿಯೋ ಕುಗ್ಗಿಸಿಯೋ ತೀರಬೇಕಾಗಿತ್ತು. ಬಟರಿಕನ ಉಪಾಯದಿಂದ ದರ್ಜಿಯ ಗುಟ್ಟು ಸಾಮಾನ್ಯ ಗೃಹಿಣಿಯ ಪೆಟ್ಟಿಗೆಯೊಳಗೆ ಬಂದಿತು.

ನಮ್ಮ ದೇಶದಲ್ಲಿ ೧೯೩೦ರ ದಶಕದಲ್ಲಿ ಉಷಾ ಎಂಬ ಸ್ವದೇಶೀ ಯಂತ್ರವು ಕಲಕತ್ತೆಯಲ್ಲಿ ತಯಾರಾಗಹತ್ತಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಿವೆಯ ಅಭಾವವು ಎಲ್ಲ ಕಡೆಗೂ ಉಂಟಾಯಿತು. ಇಂಗ್ಲಂಡಿನಲ್ಲಿ ೧೯೪೧ರಿಂದ ೧೯೪೯ರ ವರೆಗೆ ಉಡುಪುಗಳಿಗೆ ಕೂಪನ್ನಿನ ನಿಯಂತ್ರಣವಿತ್ತು. ನಮ್ಮಲ್ಲಿಯೂ ೧೯೪೩ರಲ್ಲಿ ಹತ್ತಿಬಟ್ಟೆ ಹಾಗೂ ನೂಲಿನ ನಿಯಂತ್ರಣದ ಆಜ್ಞೆಯು ಹೊರಟಿತು. ಅಂಥ ಕಾಲದಲ್ಲಿ ಹಳೆಯದನ್ನು ಬಿಚ್ಚಿ ಹೊಸದನ್ನು ಮಾಡಬಲ್ಲವಳ ಮನೆಯವರು ಮಾನವಾಗಿ ಉಟ್ಟುಕೊಂಡರು. ನಿಯಂತ್ರಣವು ಹೋಗಿ ಬಹುಕಾಲವಾಯಿತು. ಬಡತನದ ಮನೆಯಲ್ಲಿ ಮಾತ್ರ ಅದು ಇಂದಿಗೂ ಬೇರೆ ರೂಪದಲ್ಲಿ ಇದ್ದೇ ಇದೆ.

೩. ಬಟ್ಟೆಯನ್ನು ಅರಿತುಕೊಳ್ಳುವದು

ನಮೂನೆಯನ್ನು ಬರೆಯುವದಕ್ಕೆ ಮುಂಚೆ ಬಟ್ಟೆಯ ಸ್ವಭಾವವನ್ನು ತಿಳಿಯಬೇಕು. ಇದರಲ್ಲಿ ಮೂರು ಸಂಗತಿಗಳು ಮುಖ್ಯವಾದವು.

ಮೊದಲನೆಯದು ಅಳತೆ. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ನಮ್ಮಲ್ಲಿ ಮೀಟರಿನ ಅಳತೆಯು ಬಂದಿತು; ಅಂಗಡಿಯವರು ಮೀಟರಿನಿಂದಲೇ ಅಳೆದು ಕೊಡುವರು. ಆದರೆ ಹೊಲಿಗೆಯವರ ಅಳತೆ ಇಂದಿಗೂ ಅಂಗುಲವೇ. ಗಜಕ್ಕೆ ೩೬ ಅಂಗುಲ, ಮೀಟರಿಗೆ ೩೯ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ಈ ಎರಡನ್ನೂ ಒಂದೇ ಎಂದು ತಿಳಿದು ಲೆಕ್ಕ ಹಾಕಿದರೆ ಪ್ರತಿ ಮೀಟರಿನಲ್ಲಿಯೂ ಮೂರು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಾಗುವದು. ನಾಲ್ಕು ಮೀಟರು ಕೊಳ್ಳುವವಳಿಗೆ ಅದು ಒಂದು ಅಡಿಗಿಂತ ಮಿಗಿಲು. ಉದ್ದದಷ್ಟೇ ಮುಖ್ಯವಾದದ್ದು ಅಗಲ. ಅಂಗಡಿಯಲ್ಲಿ ಬೆಲೆಯನ್ನು ಕೇಳುವದಕ್ಕೆ ಮೊದಲು ಅಗಲವನ್ನು ಕೇಳಿರಿ. ೩೬ ಅಂಗುಲದ ಅರಿವೆಯು ಅಗ್ಗವೆಂದು ತೋರಿದರೂ ೪೪ ಅಂಗುಲದ್ದು ಕಡೆಗೆ ಅಗ್ಗವಾಗಬಹುದು.

ಎರಡನೆಯದು ಕುಗ್ಗುವಿಕೆ. ಹತ್ತಿಯ ಹೊಸ ಬಟ್ಟೆಯು ಮೊದಲ ತೊಳೆತದಲ್ಲಿ ಕುಗ್ಗುವದು. ಎಷ್ಟು ಕುಗ್ಗುವದೆಂದು ತಿಳಿಯಬೇಕಾದರೆ ಬಟ್ಟೆಯ ಮೇಲೆ ಉದ್ದಕ್ಕೆ ೨೦ ಅಂಗುಲವನ್ನು ಅಳೆದು ಎರಡು ತುದಿಗೂ ಬಣ್ಣದ ದಾರದಿಂದ ಗುರುತು ಹಾಕಿರಿ. ಸುಣ್ಣದ ಗುರುತು ನೀರಿನಲ್ಲಿ ಅಳಿಸಿಹೋಗುವದು. ಬಟ್ಟೆಯನ್ನು ಒಂದು ರಾತ್ರಿ ನೆನೆಯಿಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಪುನಃ ಅಳೆಯಿರಿ. ೧೯ ಅಂಗುಲ ಬಂದರೆ ನೂರಕ್ಕೆ ಐದರಷ್ಟು ಕುಗ್ಗಿತು. ಈ ಕೆಲಸವನ್ನು ಕತ್ತರಿಸುವ ಮುಂಚೆ ಮಾಡದವಳ ಕುಪ್ಪಸವು ಎರಡನೆಯ ಸಲ ಮೈಗೆ ಏರಲಾರದು.

ಮೂರನೆಯದು ಹಾಸು ಹೊಕ್ಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು. ಅಡ್ಡಕ್ಕೆ ಓಡಿದ್ದು ಹೊಕ್ಕು. ಹಾಸಿನ ದಿಕ್ಕು ಬಲವಾದದ್ದು, ಹಿಗ್ಗುವದು ಕಡಿಮೆ. ಓರೆಯಾಗಿ ಎಳೆದರೆ ಬಟ್ಟೆಯು ಹೆಚ್ಚು ಹಿಗ್ಗುವದು. ಆದಕಾರಣ ಉಡುಪಿನ ಉದ್ದವು ಹಾಸಿನ ದಿಕ್ಕಿಗೂ, ಕೊರಳಿನ ಸುತ್ತ ಹಚ್ಚುವ ಪಟ್ಟಿಯು ಓರೆಗೂ ಬರಬೇಕು. ತೋಳು ತಿರುಚಿಕೊಳ್ಳುವದೂ ಲಂಗವು ಒಂದು ಮಗ್ಗುಲಿಗೆ ಜೋಲುವದೂ ಬಹುಸಲ ಈ ನಿಯಮವನ್ನು ಮರೆತದ್ದರ ಫಲ.

೪. ಮೊದಲನೆಯ ಪಾಠ: ಒಂದೇ ಬಟ್ಟೆಯಲ್ಲಿ ಲಂಗವೂ ಚೀಲವೂ

ಸೀರೆಯುಡುವ ಪ್ರತಿಯೊಬ್ಬರಿಗೂ ಬೇಕಾದ ಒಳಲಂಗದಿಂದಲೇ ಪಾಠವನ್ನು ಆರಂಭಿಸೋಣ. ಇದರಲ್ಲಿ ಎಲ್ಲ ಗೆರೆಗಳೂ ನೇರವಾದವು, ಕಲಿಯುವವಳು ಹೆದರಬೇಕಾದದ್ದಿಲ್ಲ.

ತೊಳೆದು ಒಣಗಿಸಿದ ಮೇಲೆ ೪೦ ಅಂಗುಲ ಅಗಲ, ೮೦ ಅಂಗುಲ ಉದ್ದ ಉಳಿಯುವ ಪಾಪ್ಲಿನ್ ಬಟ್ಟೆ ಬೇಕು. ಎರಡು ಮೀಟರಿಗೆ ೭೮ ಅಂಗುಲ ಮತ್ತು ಮುಕ್ಕಾಲು ಮಾತ್ರ ಆಗುವದರಿಂದ, ಕುಗ್ಗುವದನ್ನೂ ಎಣಿಸಿ ಎರಡೂಕಾಲು ಮೀಟರು ಕೊಳ್ಳುವದು ಕ್ಷೇಮ. ಬಟ್ಟೆಯನ್ನು ಉದ್ದಕ್ಕೆ ಒಮ್ಮೆ, ಅಗಲಕ್ಕೆ ಒಮ್ಮೆ ಸರಿಯಾಗಿ ಮಡಿಸಿ ಬಿಡಿಸಿದರೆ ಮಡಿಕೆಯ ಗೆರೆಗಳಿಂದ ೨೦ ಅಂಗುಲ ಅಗಲ, ೪೦ ಅಂಗುಲ ಉದ್ದದ ನಾಲ್ಕು ಸಮಭಾಗಗಳು ಕಾಣಿಸುವವು. ಇವುಗಳಲ್ಲಿ ಮೂರು ಲಂಗಕ್ಕೆ. ನಾಲ್ಕನೆಯದನ್ನು ಬೇರೆ ಇಡಿರಿ.

ಒಂದು ಭಾಗದ ಮೇಲಂಚಿನಲ್ಲಿ ಎಡಗಡೆಯಿಂದ ೭ ಅಂಗುಲಕ್ಕೂ, ಕೆಳಂಚಿನಲ್ಲಿ ಎಡಗಡೆಯಿಂದ ೧೩ ಅಂಗುಲಕ್ಕೂ ಗುರುತು ಮಾಡಿ, ಎರಡನ್ನೂ ಒಂದು ಓರೆಗೆರೆಯಿಂದ ಕೂಡಿಸಿ ಕತ್ತರಿಸಿರಿ. ಎಡದ ತುಂಡು ಮೇಲೆ ೭, ಕೆಳಗೆ ೧೩ ಅಂಗುಲವಾಗುವದು. ಬಲದ ತುಂಡು ಇದರ ತಲೆಕೆಳಗು. ಅದನ್ನು ತಿರುಗಿಸಿದರೆ ಎರಡೂ ಸಮಾನ. ಮೂರು ಭಾಗಗಳಿಂದ ಹೀಗೆ ಆರು ತುಂಡುಗಳು ದೊರೆಯುವವು. ಪ್ರತಿ ಮಗ್ಗುಲಿಗೂ ಅರ್ಧ ಅಂಗುಲ ಹೊಲಿಗೆಗೆ ಹೋದ ಮೇಲೆ ಲಂಗದ ಮೇಲ್ಸುತ್ತು ೩೬ ಅಂಗುಲ, ಕೆಳಸುತ್ತು ೭೨ ಅಂಗುಲವಾಗುವದು. ಮೈ ಹೆಚ್ಚು ತುಂಬಿದವರಿಗೆ ಮೇಲೆ ೮, ಕೆಳಗೆ ೧೨ ಎಂದು ಗುರುತಿಸಿದರೆ ಮೇಲ್ಸುತ್ತು ೪೨, ಕೆಳಸುತ್ತು ೬೬ ಆಗುವದು. ಎರಡರ ಮೊತ್ತ ಯಾವಾಗಲೂ ೨೦ ಇರಬೇಕೆಂಬದೇ ಇದರ ಸೂತ್ರ.

ಕೂಡಿಸುವಾಗ ಒಂದರ ನೇರವಾದ ಮಗ್ಗುಲಿಗೆ ಇನ್ನೊಂದರ ಓರೆಯಾದ ಮಗ್ಗುಲನ್ನು ಸೇರಿಸಿರಿ. ಓರೆಗೆ ಓರೆಯನ್ನು ಸೇರಿಸಿದರೆ ಎರಡೂ ಹಿಗ್ಗಿ ಹೊಲಿಗೆಯು ಜೋಲುವದು. ನೇರವಾದ ಮಗ್ಗುಲು ಓರೆಯನ್ನು ಹಿಡಿದು ನಿಲ್ಲಿಸುವದು. ಕಡೆಯ ಒಂದು ಕೂಡಿಕೆಯಲ್ಲಿ ಮೇಲಿನಿಂದ ೭ ಅಂಗುಲವನ್ನು ಹೊಲಿಯದೆ ಬಿಟ್ಟು ಅದರ ಅಂಚುಗಳನ್ನು ಮಡಿಸಿ ಹೊಲಿಯಿರಿ. ಓರೆಯ ಮಗ್ಗುಲು ನೇರಕ್ಕಿಂತ ಸುಮಾರು ಅರ್ಧ ಅಂಗುಲ ಉದ್ದವಿರುವದರಿಂದ ಕೆಳಗಿನ ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ, ಆಮೇಲೆ ಒಂದೂವರೆ ಅಂಗುಲದ ಮಡಿಕೆಯನ್ನು ಹೊಲಿಯಿರಿ.

ಈಗ ಬೇರೆ ಇಟ್ಟ ನಾಲ್ಕನೆಯ ಭಾಗಕ್ಕೆ ಬರೋಣ. ಅದರ ಉದ್ದದ ಮಗ್ಗುಲಿನಿಂದ ೪ ಅಂಗುಲ ಅಗಲದ ಒಂದು ಪಟ್ಟಿಯನ್ನು ಕತ್ತರಿಸಿದರೆ ಲಾಡಿ ಹಾಯಿಸುವ ಸೊಂಟಪಟ್ಟಿಯಾಗುವದು. (ಮೇಲ್ಸುತ್ತು ಹೆಚ್ಚಾದರೆ, ಕೊಂಡ ಬಟ್ಟೆಯಲ್ಲಿ ೮೦ ಅಂಗುಲದ ಆಚೆಗೆ ಉಳಿದದ್ದರಿಂದ ಪಟ್ಟಿಗೆ ತುಣುಕು ಕೂಡಿಸಿರಿ.) ಉಳಿದದ್ದು ೧೬ ಅಂಗುಲ ಅಗಲ, ೪೦ ಅಂಗುಲ ಉದ್ದದ ತುಂಡು. ಇದರಲ್ಲಿ ೩೪ ಅಂಗುಲವನ್ನು ನಡುವೆ ಮಡಿಸಿ ಎರಡೂ ಮಗ್ಗುಲು ಹೊಲಿದು ಬಾಯಿಯನ್ನು ಒಂದೂವರೆ ಅಂಗುಲ ಮಡಿಸಿದರೆ ೧೫ ಅಂಗುಲ ಅಗಲದ ಒಂದು ಚೀಲವಾಗುವದು. ಮಿಕ್ಕ ೬ ಅಂಗುಲದಲ್ಲಿ ೩ ಅಂಗುಲ ಅಗಲ, ೧೬ ಅಂಗುಲ ಉದ್ದದ ಎರಡು ಪಟ್ಟಿಗಳು. ಅವುಗಳನ್ನು ನಾಲ್ಕು ಮಡಿಕೆ ಮಾಡಿ ಹೊಲಿದರೆ ಚೀಲದ ಹಿಡಿಕೆಗಳಾದವು. ಬುಟ್ಟಿಗೆ ಹಾಕುವ ತುಂಡೇ ಇಲ್ಲ.

ಆರು ತುಂಡುಗಳನ್ನೂ ಒಂದೇ ಮುಖವಾಗಿ ಇಟ್ಟು ಕತ್ತರಿಸಿದ್ದರೆ ಏನಾಗುತ್ತಿತ್ತೆಂಬದನ್ನು ಯೋಚಿಸಿರಿ. ೧೩ ಅಂಗುಲದಂತೆ ಅಗಲಕ್ಕೆ ಮೂರು, ಉದ್ದಕ್ಕೆ ಎರಡು ಸಾಲು. ೮೦ ಅಂಗುಲವೂ ಅಲ್ಲಿಗೇ ಮುಗಿಯುತ್ತಿತ್ತು. ಉಳಿಯುವವು ಚೂಪಾದ ಚೂರುಗಳು ಮಾತ್ರ. ಸೊಂಟಪಟ್ಟಿಗೆ ಕೂಡ ಬೇರೆ ಬಟ್ಟೆ ಬೇಕಾಗುತ್ತಿತ್ತು. ತಲೆಗೆ ಕಾಲನ್ನು ಸೇರಿಸಿ ಇಟ್ಟ ಮಾತ್ರದಿಂದ ಕೊಂಡದ್ದರ ಕಾಲುಭಾಗವು ಉಳಿಯಿತು. ಹೂವುಗಳೆಲ್ಲ ಮೇಲ್ಮುಖವಾಗಿರುವ ಬಟ್ಟೆಯಲ್ಲಿ ಮಾತ್ರ ಈ ಉಪಾಯವು ನಡೆಯದು. ಆದ್ದರಿಂದ ಕೊಳ್ಳುವಾಗಲೇ ಎರಡು ಮುಖಕ್ಕೂ ಒಪ್ಪುವ ಚಿತ್ತಾರವನ್ನು ಆರಿಸಿಕೊಳ್ಳಿರಿ. ಬಟ್ಟೆಯ ಅಗಲ ಬೇರೆಯಾದರೆ ಮಕ್ಕಳ ಗಣಿತದ ಚೌಕುಳಿ ಪುಸ್ತಕದಲ್ಲಿ ಒಂದು ಮನೆಗೆ ಒಂದು ಅಂಗುಲವೆಂದು ಬರೆದು ಪುನಃ ಲೆಕ್ಕ ಹಾಕಿರಿ. ಒಂದು ಹಾಳೆ ಕೆಟ್ಟರೆ ನಷ್ಟವೇನೂ ಇಲ್ಲ.

೫. ಎರಡನೆಯ ಪಾಠ: ಕುಪ್ಪಸದ ನಮೂನೆ

ಕುಪ್ಪಸದಲ್ಲಿ ಗೆರೆಗಳು ಬಾಗಿರುವದರಿಂದ ಕಣ್ಣಳತೆಯು ಸಾಲದು. ಪೇಟೆಯ ನಮೂನೆಯನ್ನು ಕೊಳ್ಳುವದಕ್ಕಿಂತ ನಿಮ್ಮ ಮೈಗೆ ಸರಿಯಾಗಿ ಕೂಡ್ರುತ್ತಿದ್ದು, ಈಗ ಅರಿವೆ ಸವೆದು ಹೋಗಿರುವ ಹಳೆಯ ಕುಪ್ಪಸವೇ ಉತ್ತಮ ಗುರು. ಅದನ್ನು ಒಗೆದು ಇಸ್ತ್ರಿ ಮಾಡಿ, ಬಲಗಡೆಯ ಅರ್ಧವನ್ನು ಮಾತ್ರ ಬಿಚ್ಚಿರಿ. ಎಡಗಡೆಯ ಅರ್ಧವು ಹಾಗೆಯೇ ಇದ್ದರೆ ಕೂಡಿಸುವ ಕ್ರಮವು ಮರೆತಾಗ ನೋಡಿಕೊಳ್ಳಬಹುದು.

ಬಿಚ್ಚಿದ ಮುಂಭಾಗ, ಬೆನ್ನು, ತೋಳುಗಳನ್ನು ಹಳೆಯ ವೃತ್ತಪತ್ರಿಕೆಯ ಮೇಲೆ ಹಾಸಿ ಗುಂಡುಸೂಜಿಯಿಂದ ನಿಲ್ಲಿಸಿರಿ. ಗೆರೆಯನ್ನು ಬಟ್ಟೆಯ ಅಂಚಿನ ಮೇಲೆ ಎಳೆಯದೆ, ಹಳೆಯ ಹೊಲಿಗೆಯ ತೂತುಗಳು ಕಾಣುವ ಸಾಲಿನ ಮೇಲೆಯೇ ಎಳೆಯಿರಿ. ಎದೆಯ ಟಕ್ಸುಗಳ ತುದಿಯನ್ನು ಸೂಜಿಯಿಂದ ಚುಚ್ಚಿ ಕಾಗದದ ಮೇಲೆ ಗುರುತಿಸಿರಿ. ಆಮೇಲೆ ಅಳತೆಪಟ್ಟಿಯಿಂದ ಪರೀಕ್ಷಿಸತಕ್ಕದ್ದು: ಟಕ್ಸುಗಳನ್ನು ಬಿಟ್ಟು, ಮುಂಭಾಗ ಹಾಗೂ ಬೆನ್ನುಗಳ ಅರ್ಧದ ಅಗಲವನ್ನು ಕೂಡಿಸಿ ಎರಡರಿಂದ ಗುಣಿಸಿದರೆ ಎದೆಯ ಸುತ್ತಳತೆಗಿಂತ ಒಂದೆರಡು ಅಂಗುಲ ಹೆಚ್ಚು ಬರಬೇಕು. ನಮ್ಮ ಊರಿನ ಬೇಸಿಗೆಯಲ್ಲಿ ಉಷ್ಣವು ೪೦ ಡಿಗ್ರಿಯನ್ನು ಮೀರುವದುಂಟು. ಅಂಥ ಕಾಲಕ್ಕೆ ಹೊಲಿಯುವ ಕುಪ್ಪಸವನ್ನು ಎರಡು ಅಂಗುಲದ ಸಡಿಲಕ್ಕೆ ಕಡಿಮೆ ಮಾಡಬಾರದು.

ಗೆರೆಯ ಹೊರಗೆ ಹೊಲಿಗೆಗೆ ಬಿಡತಕ್ಕ ಅಂಚು ಇಂತಿರಲಿ: ಕೊರಳಿಗೆ ಕಾಲು ಅಂಗುಲ, ಭುಜಕ್ಕೂ ತೋಳುಗುಂಡಿಗೂ ಅರ್ಧ ಅಂಗುಲ, ಕೆಳಗಿನ ಮಡಿಕೆಗೆ ಒಂದು ಅಂಗುಲ, ಮಗ್ಗುಲಿಗೆ ಒಂದೂವರೆ ಅಂಗುಲ. ಮಗ್ಗುಲಿನ ಈ ಅಂಚನ್ನು ದುಂದೆಂದು ಎಣಿಸಬೇಡಿರಿ. ಮೈ ತುಂಬಿದಾಗ ಬಿಚ್ಚಿ ಸಡಿಲ ಮಾಡುವದಕ್ಕೆ ಇದೇ ಆಧಾರ. ಎರಡು ವರುಷ ಹೆಚ್ಚು ಬಾಳುವ ಕುಪ್ಪಸವೇ ಅಗ್ಗದ ಕುಪ್ಪಸ.

ಪ್ರತಿಯೊಂದು ಕಾಗದದ ತುಂಡಿನ ಮೇಲೂ ಐದು ಸಂಗತಿಗಳನ್ನು ಬರೆಯತಕ್ಕದ್ದು: ಯಾರದು, ಯಾವ ಭಾಗ, ಎಷ್ಟು ತುಂಡು ಕತ್ತರಿಸಬೇಕು, ಹಾಸಿನ ದಿಕ್ಕು ತೋರಿಸುವ ಬಾಣದ ಗುರುತು, ಅಳತೆ ತೆಗೆದ ತಾರೀಖು. ಬೆನ್ನಿನ ನಡುಗೆರೆಯು ಬಟ್ಟೆಯ ಮಡಿಕೆಗೆ ಬರಬೇಕಾದರೆ ಅಲ್ಲಿ “ಮಡಿಕೆ” ಎಂದು ಬರೆಯಿರಿ. ಈ ಒಂದು ಮಾತನ್ನು ಬರೆಯದಿದ್ದರೆ ಬೆನ್ನು ಎರಡು ತುಂಡಾಗಿ ಕತ್ತರಿಸಲ್ಪಡುವದು.

ಹೊಸ ಬಟ್ಟೆಗೆ ಕೈ ಹಾಕುವ ಮುಂಚೆ ಹಳೆಯ ಪಂಚೆ ಅಥವಾ ಹಾಸಿಗೆಯ ಹೊದಿಕೆಯ ತುಂಡಿನಲ್ಲಿ ಒಂದು ಕುಪ್ಪಸವನ್ನು ದೊಡ್ಡ ದೊಡ್ಡ ಕಚ್ಚಾ ಹೊಲಿಗೆಗಳಿಂದ ಕೂಡಿಸಿ ತೊಟ್ಟು ನೋಡಿರಿ. ಭುಜ ಜಾರಿದರೆ ಕೊರಳು ಅಗಲವಾಯಿತೆಂದು ತಿಳಿಯಿರಿ. ಕಂಕುಳಲ್ಲಿ ಹಿಡಿದರೆ ತೋಳುಗುಂಡಿಯನ್ನು ಒಂದು ಸಲಕ್ಕೆ ಕಾಲು ಅಂಗುಲದಂತೆ ಮಾತ್ರ ಕೆಳಗಿಳಿಸಿರಿ. ಪ್ರತಿ ತಿದ್ದುಪಡಿಯನ್ನೂ ಕೂಡಲೆ ಕಾಗದದ ಮೇಲೆ ಬರೆಯಿರಿ. ಹೀಗೆ ತಿದ್ದಿದ ನಮೂನೆಯು ಒಮ್ಮೆ ಸಿದ್ಧವಾದರೆ ಅದರಿಂದ ಎಷ್ಟು ಕುಪ್ಪಸಗಳನ್ನು ಬೇಕಾದರೂ ಹೊಲಿಯಬಹುದು. ಚೂಡಿದಾರದ ಮೇಲಂಗಿಗೂ ಇದೇ ಕ್ರಮ.

ಕತ್ತರಿಸುವಾಗ ಎಲ್ಲ ತುಂಡುಗಳನ್ನೂ ಬಟ್ಟೆಯ ಮೇಲೆ ಇಟ್ಟು ಆದ ಮೇಲೆಯೇ ಮೊದಲ ಕತ್ತರಿ. ದೊಡ್ಡ ತುಂಡುಗಳು ಮೊದಲು. ಅವುಗಳ ನಡುವಿನ ಎಡೆಯಲ್ಲಿ ತೋಳು, ಹುಕ್ಕಿನ ಪಟ್ಟಿ, ಕೊರಳಿನ ಓರೆಪಟ್ಟಿಗಳು. ಸೀರೆಯ ಜೊತೆಗೆ ಬರುವ ಕುಪ್ಪಸದ ಬಟ್ಟೆಯು ಸಾಮಾನ್ಯವಾಗಿ ೮೦ ಸೆಂಟಿಮೀಟರಿನ ಸುಮಾರು ಇರುವದು. ಇಟ್ಟು ನೋಡದೆ ಕತ್ತರಿಸಿದವಳಿಗೆ ಅದು ಸಾಲದು, ಇಟ್ಟು ನೋಡಿದವಳಿಗೆ ಬಹುತೇಕ ಸಾಕಾಗುವದು.

೬. ಬೆಳೆಯುವ ಮಗುವಿನ ಉಡುಪು

ಶಾಲೆಗೆ ಹೋಗುವ ಬಾಲಿಕೆಯ ಉಡುಪು ಹರಿಯುವದಕ್ಕಿಂತ ಮುಂಚೆ ಗಿಡ್ಡವಾಗುವದು. ಇದಕ್ಕೆ ಉಪಾಯವು ಹಳೆಯದೇ. ಉದ್ದಲಂಗದ ಕೆಳಭಾಗದಲ್ಲಿ ಒಂದೊಂದು ಅಂಗುಲದ ಎರಡು ಮಡಿಕೆಗಳನ್ನು ಅಡ್ಡಕ್ಕೆ ಹೊಲಿಯುವದು. ಒಂದು ಅಂಗುಲದ ಮಡಿಕೆಯೊಳಗೆ ಎರಡು ಅಂಗುಲ ಬಟ್ಟೆಯು ಅಡಗಿರುವದು. ಆದ್ದರಿಂದ ಎರಡು ಮಡಿಕೆಗಳಿಂದ ನಾಲ್ಕು ಅಂಗುಲ ಬೆಳವಣಿಗೆಗೆ ಎಡೆಯಾಯಿತು. ಪ್ರತಿ ವರುಷ ಒಂದೊಂದನ್ನು ಬಿಚ್ಚಿದರೆ ಸಾಕು. ಬಿಚ್ಚುವ ವರೆಗೆ ಅದು ಅಲಂಕಾರವಾಗಿ ಕಾಣುವದು.

ಸರಕಾರೀ ಶಾಲೆಗಳ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯ ಸಮವಸ್ತ್ರವು ಅನೇಕ ಸಲ ಹೊಲಿಯದ ಬಟ್ಟೆಯಾಗಿಯೇ ಕೈಗೆ ಬರುವದು. ಬಟ್ಟೆಯು ಧರ್ಮಾರ್ಥವಾದರೂ ಹೊಲಿಗೆಯ ಕೂಲಿಯು ಮನೆಯವರ ಮೇಲೆ ಬೀಳುವದು. ಕೂಲಿಯಿಂದ ಜೀವಿಸುವ ಮನೆಯಲ್ಲಿ ಎರಡು ಮೂರು ಮಕ್ಕಳಿದ್ದರೆ ಇದು ಸಣ್ಣ ಭಾರವಲ್ಲ. ಓಣಿಯಲ್ಲಿ ಹೊಲಿಗೆ ಬಲ್ಲವಳು ಒಬ್ಬಳಿದ್ದು, ಆರು, ಎಂಟು, ಹತ್ತು ವರುಷದ ಮಕ್ಕಳ ಅಳತೆಯ ನಮೂನೆಗಳನ್ನು ಕಾಗದದಲ್ಲಿ ಇಟ್ಟುಕೊಂಡಿದ್ದರೆ ಆ ಬಟ್ಟೆಯು ಪೆಟ್ಟಿಗೆಯಲ್ಲಿ ಕೊಳೆಯದೆ ಮೈಮೇಲೆ ಬರುವದು.

೭. ಉಳಿದ ತುಂಡುಗಳು

ರಾಯಚೂರಿನ ಪೇಟೆಯಲ್ಲಾಗಲಿ ದೇವದುರ್ಗ ಮಾನ್ವಿಗಳ ಸಂತೆಯಲ್ಲಾಗಲಿ ಕಟ್‌ಪೀಸ್ ಬಟ್ಟೆಯನ್ನು ಕೊಳ್ಳುವವಳು ಮನೆಯಿಂದಲೇ ತನಗೆ ಬೇಕಾದ ತುಂಡಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗತಕ್ಕದ್ದು. ಅಗ್ಗವೆಂದು ತಂದು ಉಪಯೋಗಕ್ಕೆ ಬಾರದ ತುಂಡು ಎಲ್ಲಕ್ಕಿಂತ ದುಬಾರಿಯಾದದ್ದು. ಮನೆಯಲ್ಲಿ ಉಳಿದವುಗಳನ್ನು ಮೂರು ಗಂಟುಗಳಾಗಿ ವಿಂಗಡಿಸಿರಿ. ಗೇಣಿಗಿಂತ ದೊಡ್ಡವು ಜೇಬು, ಸಣ್ಣ ಚೀಲ, ಕೂಸಿನ ಕುಲಾವಿಗಳಿಗೆ, ಉದ್ದವಾದವು ಪಟ್ಟಿಗಳಿಗೆ, ಸಣ್ಣವು ಕೌದಿಗೆ. ಕೌದಿಯಲ್ಲಿ ಗಟ್ಟಿ ಬಟ್ಟೆಯನ್ನೂ ತೆಳು ಬಟ್ಟೆಯನ್ನೂ ಒಂದರ ಮಗ್ಗುಲಿಗೆ ಒಂದನ್ನು ಇಟ್ಟರೆ ತೆಳುವಾದದ್ದು ಬೇಗ ಹರಿಯುವದು. ಸಮಾನ ಸವೆತದವುಗಳನ್ನೇ ಕೂಡಿಸಿರಿ.

೮. ಯಂತ್ರವನ್ನು ಕೊಳ್ಳಬೇಕೆ?

ಮೇಲೆ ಹೇಳಿದ ಚೀಲವನ್ನೂ ಲಂಗವನ್ನೂ ಕೈಸೂಜಿಯಿಂದಲೇ ಹೊಲಿಯಬಹುದು. ಯಂತ್ರವು ಬೇಕೋ ಬೇಡವೋ ಎಂಬದನ್ನು ಆಸೆಯಿಂದ ನಿರ್ಣಯಿಸದೆ ಭಾಗಾಕಾರದಿಂದ ನಿರ್ಣಯಿಸಿರಿ. ಯಂತ್ರದ ಬೆಲೆ ೮,೦೦೦ ರೂಪಾಯಿ ಎಂದೂ ಒಂದು ಉಡುಪಿಗೆ ಉಳಿಯುವ ಕೂಲಿ ೨೦೦ ರೂಪಾಯಿ ಎಂದೂ ಇಟ್ಟುಕೊಂಡರೆ ೪೦ ಉಡುಪುಗಳಿಗೆ ಯಂತ್ರದ ಬೆಲೆಯು ತೀರುವದು. ವರುಷಕ್ಕೆ ೨೦ ಉಡುಪು ಹೊಲಿಯುವ ಮನೆಗೆ ಇದು ಎರಡು ವರುಷದ ಮಾತು. ೪ ಉಡುಪು ಹೊಲಿಯುವ ಮನೆಗೆ ಹತ್ತು ವರುಷ. ನಿಮ್ಮ ಊರಿನ ಬೆಲೆಗಳನ್ನು ಹಾಕಿ ನೀವೇ ಲೆಕ್ಕ ಮಾಡಿರಿ. ಎರಡು ಮೂರು ಮನೆಯವರು ಸೇರಿ ಒಂದನ್ನು ಕೊಳ್ಳುವದೂ ಒಳ್ಳೆಯದು.

ಕೊಂಡ ಮೇಲೆ ಅದನ್ನು ಕಾಪಾಡುವದು ಅವಶ್ಯ. ಪಾಪ್ಲಿನ್ನಿಗೆ ೧೪ನೆಯ ನಂಬರಿನ ಸೂಜಿ, ತೆಳುವಾದ ಬಟ್ಟೆಗೆ ೧೧, ದಪ್ಪಕ್ಕೆ ೧೬. ಅಂಗುಲಕ್ಕೆ ೧೦ರಿಂದ ೧೨ ಹೊಲಿಗೆ ಬೀಳಬೇಕು. ನಮ್ಮ ಜಿಲ್ಲೆಯ ಧೂಳು ಯಂತ್ರದ ಶತ್ರು. ಕೆಲಸವಾದ ಮೇಲೆ ಮುಚ್ಚಿಡಿರಿ, ಆಗಾಗ್ಗೆ ಅರಳೆಯನ್ನು ಒರಸಿ ಯಂತ್ರದ ಎಣ್ಣೆಯನ್ನು ಬಿಡಿರಿ. ಅಡಿಗೆಯ ಎಣ್ಣೆಯು ಅಂಟಾಗಿ ಯಂತ್ರವನ್ನು ಹಿಡಿಯುವದು.

೯. ಸೂಜಿಯೂ ಪುಸ್ತಕವೂ

ಹುಡುಗಿಗೆ ಹೊಲಿಗೆ ಕಲಿಸಿದರೆ ಸಾಕು, ಓದು ಏಕೆ ಎಂದು ಕೇಳುವವರು ಹಿಂದೆಯೂ ಇದ್ದರು, ಈಗಲೂ ಇರುವರು. ಮೇಲಿನ ಪಾಠಗಳನ್ನು ಓದಿದವರಿಗೆ ಈ ಪ್ರಶ್ನೆಯ ಪೊಳ್ಳುತನವು ತಾನಾಗಿಯೇ ತಿಳಿದಿರಬೇಕು. ಅಂಗುಲವನ್ನು ಮೀಟರಿಗೆ ತಿರುಗಿಸುವದು, ನೂರಕ್ಕೆ ಎಷ್ಟೆಂದು ಲೆಕ್ಕ ಹಾಕುವದು, ಚೌಕುಳಿ ಕಾಗದದ ಮೇಲೆ ಪ್ರಮಾಣದಂತೆ ಬರೆಯುವದು, ಪ್ರತಿ ತುಂಡಿನ ಮೇಲೂ ಹೆಸರು ತಾರೀಖು ಬರೆಯುವದು, ಇವೆಲ್ಲ ಪಾಠಶಾಲೆಯ ವಿದ್ಯೆಗಳೇ. ಓದು ಬಾರದ ಹೊಲಿಗೆಯವಳು ಹೇಳಿದ್ದನ್ನು ಹೊಲಿಯಬಲ್ಲಳು. ಓದು ಬಂದವಳು ತಾನೇ ನಮೂನೆಯನ್ನು ಮಾಡಿ ಇನ್ನೊಬ್ಬರಿಗೆ ಕೊಡಬಲ್ಲಳು. ಕೂಲಿಯ ಭೇದವೂ ಅಲ್ಲಿಯೇ ಆಗುವದು.

೨೦೧೧ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಅಕ್ಷರಸ್ಥ ಸ್ತ್ರೀಯರ ಪ್ರಮಾಣವು ನೂರಕ್ಕೆ ಐವತ್ತನ್ನು ಮುಟ್ಟಿರಲಿಲ್ಲ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಶಾಲೆಯನ್ನು ತಪ್ಪಿಸುವ ಬಾಲಿಕೆಯರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇರುವರು. ತಾಯಿಯ ಹೊಲಿಗೆಯಿಂದ ಮನೆಯಲ್ಲಿ ಉಳಿದ ಹಣವು ಮಗಳನ್ನು ಆ ಸುಗ್ಗಿಯಲ್ಲಿ ಶಾಲೆಯ ಬೆಂಚಿನ ಮೇಲೆ ಉಳಿಸುವದಾದರೆ ಅದೇ ನಿಜವಾದ ಉಳಿತಾಯ. ಮಗಳನ್ನು ಶಾಲೆ ಬಿಡಿಸಿ ಯಂತ್ರದ ಮುಂದೆ ಕೂಡ್ರಿಸುವದು ಉಳಿತಾಯವಲ್ಲ. ಅದು ಬೀಜದ ಕಾಳನ್ನು ಬೇಯಿಸಿ ತಿಂದಂತೆ. ಗುಂಡಿ ಹಚ್ಚುವದನ್ನೂ ಹರಿದದ್ದನ್ನು ಹೊಲಿಯುವದನ್ನೂ ಗಂಡುಮಕ್ಕಳೂ ಕಲಿಯಲಿ. ಅಂಗಿಯು ಅವರ ಮೈಮೇಲೆಯೂ ಹರಿಯುವದಷ್ಟೆ.

ಕಷ್ಟಕಾಲದಲ್ಲಿ ಈ ವಿದ್ಯೆಯ ಬೆಲೆ ಏನೆಂಬದನ್ನು ನಾವು ಕಣ್ಣಾರೆ ಕಂಡೆವು. ೨೦೨೦ರಲ್ಲಿ ಕೊರೋನಾ ರೋಗವು ಹರಡಿ ಅಂಗಡಿಗಳು ಮುಚ್ಚಿದ್ದಾಗ ಕರ್ನಾಟಕದ ಅನೇಕ ಕಡೆಗಳಲ್ಲಿ ಸ್ವಸಹಾಯ ಸಂಘಗಳ ಸ್ತ್ರೀಯರು ಹತ್ತಿಬಟ್ಟೆಯ ಮುಖಗವಸುಗಳನ್ನು ಹೊಲಿದು ಕೊಟ್ಟರು. ಒಂದು ನಮೂನೆ, ಒಂದು ಚೌಕ ಬಟ್ಟೆ, ಮೂರು ಮಡಿಕೆ. ಬೇರೆ ಎಲ್ಲ ಕೆಲಸಗಳೂ ನಿಂತಿದ್ದ ದಿನಗಳಲ್ಲಿ ಅವರ ಕೈಗೆ ಕೆಲಸವಿತ್ತು, ಊರಿಗೆ ಉಪಕಾರವೂ ಆಯಿತು.

ಆದಕಾರಣ, ಶಾಲೆಯನ್ನು ಬಿಟ್ಟು ಹೋದ ಸೋದರಿಯರೇ, ಹೆಣ್ಣುಮಕ್ಕಳ ತಂದೆತಾಯಿಗಳೇ, ಮನೆಯಲ್ಲಿ ಒಂದು ದೊಡ್ಡ ಲಕೋಟೆಯನ್ನು ಇಟ್ಟು ಅದರಲ್ಲಿ ಮನೆಮಂದಿಯ ನಮೂನೆಗಳನ್ನು ಹೆಸರು ತಾರೀಖು ಬರೆದು ಕೂಡಿಸುತ್ತ ಬನ್ನಿರಿ. ಅರಿವೆ ಹರಿಯುವದು, ಯಂತ್ರವು ಸವೆಯುವದು. ಸರಿಯಾಗಿ ಬರೆದಿಟ್ಟ ನಮೂನೆಯು ತಾಯಿಯಿಂದ ಮಗಳಿಗೆ, ನೆರೆಯವಳಿಂದ ನೆರೆಯವಳಿಗೆ ಹೋಗುವದು. ಕೊಟ್ಟರೆ ಕಡಿಮೆಯಾಗದ ಸೊತ್ತುಗಳಲ್ಲಿ ಇದೂ ಒಂದು.

ಅಭ್ಯಾಸ

(೧) ಮನೆಯಲ್ಲಿರುವ ಒಂದು ಹೊಸ ಹತ್ತಿಬಟ್ಟೆಯಲ್ಲಿ ೨೦ ಅಂಗುಲ ಗುರುತಿಸಿ ತೊಳೆದು, ನೂರಕ್ಕೆ ಎಷ್ಟು ಕುಗ್ಗಿತೆಂದು ಲೆಕ್ಕ ಹಾಕಿರಿ.

(೨) ೪೪ ಅಂಗುಲ ಅಗಲದ ಬಟ್ಟೆಯಲ್ಲಿ ನಾಲ್ಕನೆಯ ಪ್ರಕರಣದ ಲಂಗವನ್ನು ಕತ್ತರಿಸಿದರೆ ಉಳಿಯುವ ತುಂಡುಗಳೆಷ್ಟು, ಅವುಗಳಿಂದ ಏನು ಮಾಡಬಹುದು? ಚೌಕುಳಿ ಕಾಗದದಲ್ಲಿ ಬರೆದು ತೋರಿಸಿರಿ.

(೩) ನಿಮ್ಮ ಮನೆಯಲ್ಲಿ ಕಳೆದ ವರುಷ ಹೊಲಿಗೆಯ ಕೂಲಿಗೆ ಎಷ್ಟು ಹಣ ಹೋಯಿತು? ಯಂತ್ರದ ಬೆಲೆಯನ್ನು ಅದರಿಂದ ಭಾಗಿಸಿ ನೋಡಿರಿ.